ಭೀಮೆಯ ಎರಡು ದಡ, ಎರಡು ರೂಪಾಯಿ



ನೆರೆಹೊರೆಯ ಬಡದೇಶಗಳು ತಮ್ಮ ತಮ್ಮ ನಾಣ್ಯಗಳನ್ನು ಬಿಟ್ಟು ಒಂದೇ ನಾಣ್ಯವನ್ನು ಇಟ್ಟುಕೊಂಡರೆ ಅವುಗಳ ವ್ಯಾಪಾರವು ಬೆಳೆಯುವುದೇ, ಜನರ ಬಡತನವು ಇಳಿಯುವುದೇ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಆಫ್ರಿಕಾ ಖಂಡದಲ್ಲಿಯೂ ಕೆರಿಬಿಯನ್ ದ್ವೀಪಗಳಲ್ಲಿಯೂ ಈ ಪ್ರಯೋಗವು ನಡೆದಿದೆ. ಆದರೆ ಇದರ ಸಾಧಕ ಬಾಧಕಗಳನ್ನು ಅರಿಯುವುದಕ್ಕೆ ನಾವು ಕಡಲನ್ನು ದಾಟಬೇಕಾದುದಿಲ್ಲ. ನಮ್ಮ ಕನ್ನಡನಾಡಿನಲ್ಲಿಯೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ, ಸುಮಾರು ನೂರು ವರ್ಷಗಳ ಕಾಲ ಎರಡು ಬೇರೆ ಬೇರೆ ರೂಪಾಯಿಗಳು ಎದುರುಬದುರಾಗಿ ನಿಂತಿದ್ದುವು. ಅವು ಹೇಗೆ ಬೇರೆಯಾದುವು, ಬೇರೆಯಾಗಿದ್ದಾಗ ನಷ್ಟವನ್ನು ಹೊತ್ತವರು ಯಾರು, ಒಂದಾದ ಮೇಲೆ ಏನು ಕೈಗೂಡಿತು, ಏನು ಕೈಗೂಡಲಿಲ್ಲ ಎಂಬ ಸಂಗತಿಗಳನ್ನು ಈ ಉಪನ್ಯಾಸದಲ್ಲಿ ವಿಚಾರಮಾಡುವೆವು.

ಮೊದಲು ಈ ಸೀಮೆಯ ನೆಲೆಯನ್ನು ತಿಳಿಯೋಣ. ಈಗ ವಿಜಯಪುರವೆಂದು ಹೆಸರಾಗಿರುವ ಬಿಜಾಪುರ ಜಿಲ್ಲೆಯು ಬ್ರಿಟಿಷರ ಆಳ್ವಿಕೆಯಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದಿತು. ಅದರ ಪೂರ್ವದ ಎಲ್ಲೆಯೇ ಹೈದರಾಬಾದು ನಿಜಾಮರ ರಾಜ್ಯದ ಪಶ್ಚಿಮದ ಎಲ್ಲೆ. ಸಿಂದಗಿಯ ಜನರು ಭೀಮಾನದಿಯನ್ನು ದಾಟಿದರೆ ಅಫಜಲಪುರ. ಪೂರ್ವಕ್ಕೆ ನಡೆದರೆ ಜೇವರ್ಗಿ. ಮುದ್ದೇಬಿಹಾಳದ ಪೂರ್ವಕ್ಕೆ ಸುರಪುರ, ಕೃಷ್ಣೆಯ ಆಚೆಗೆ ಲಿಂಗಸೂಗೂರು. ಬಾಗೇವಾಡಿಯು ಒಳನಾಡಿನದು, ನಿಜಾಮರ ಗಡಿಯು ಅದಕ್ಕೆ ತಾಕುವುದಿಲ್ಲ. ಆದರೂ ಗಡಿಯ ಸಂತೆಗಳಿಂದ ಬರುವ ಕಾಳು, ಹತ್ತಿ, ದನಗಳ ಬೆಲೆಯು ಅದನ್ನು ಮುಟ್ಟದೆ ಬಿಡುತ್ತಿರಲಿಲ್ಲ. ಎರಡು ಕಡೆಯಲ್ಲಿಯೂ ಅದೇ ಕರಿಯ ಎರೆಭೂಮಿ, ಅದೇ ಬಿಳಿಜೋಳ, ಅದೇ ಕುಸುಬೆ, ಅದೇ ಕನ್ನಡ ಮಾತು. ಹೆಣ್ಣು ಕೊಟ್ಟು ತರುವ ಸಂಬಂಧಗಳೂ ನದಿಯನ್ನು ದಾಟಿಯೇ ನಡೆಯುತ್ತಿದ್ದುವು. ಬೇರೆಯಾಗಿದ್ದುದು ದೊರೆತನ, ಸುಂಕ ಮತ್ತು ನಾಣ್ಯ.

ಈ ಬೇರ್ಪಡಿಕೆಯು ಪುರಾತನವಾದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದರೆಂಬುದು ಎಲ್ಲರೂ ಬಲ್ಲ ವಿಷಯ. ಬಾಗೇವಾಡಿಯವರೊಬ್ಬರು ಕಲ್ಯಾಣದ ಲೆಕ್ಕವನ್ನು ಬರೆಯುವುದಕ್ಕೆ ಆಗ ಯಾವ ಅಡ್ಡಿಯೂ ಇರಲಿಲ್ಲ. ಈ ಎರಡು ಸೀಮೆಗಳ ಶಾಸನಗಳೂ ದಾನವನ್ನೂ ಸುಂಕವನ್ನೂ ಒಂದೇ ಬಗೆಯಾಗಿ ಗದ್ಯಾಣ, ಪಣ, ಹಾಗ, ವೀಸಗಳಲ್ಲಿ ಎಣಿಸುತ್ತವೆ. ಮುಂದೆ ಆದಿಲ್‌ಶಾಹಿ ಸುಲ್ತಾನರ ಕಾಲದಲ್ಲಿ ಚಿನ್ನದ ಹೊನ್ನೂ ತಾಮ್ರದ ಕಾಸೂ ನಡೆದುವು. ಎರಡನೆಯ ಅಲಿ ಆದಿಲ್‌ಶಹನು ಸಮುದ್ರವ್ಯಾಪಾರಕ್ಕಾಗಿ ಬೆಳ್ಳಿಯ ತಂತಿಯನ್ನು ಮಡಿಸಿ ಮುದ್ರೆಯೊತ್ತಿದ ಲಾರಿ ಎಂಬ ನಾಣ್ಯವನ್ನೂ ಹೊರಡಿಸಿದನು. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದ ಮೇಲೆ ಮೊಗಲರ ರೂಪಾಯಿ ಬಂದಿತು. ಆ ಸಾಮ್ರಾಜ್ಯವು ಕುಂದಿದ ಬಳಿಕ ನಿಜಾಮರು, ಪೇಶ್ವೆಯರು, ದೇಸಾಯರು, ಸಂಸ್ಥಾನಿಕರು ಎಂದು ಅಧಿಕಾರವು ಹಂಚಿಹೋಯಿತು. ಅದರೊಡನೆ ಟಂಕಸಾಲೆಗಳೂ ಹಂಚಿಹೋದುವು. ಒಂದೊಂದು ಊರಿನ ರೂಪಾಯಿಗೆ ಒಂದೊಂದು ತೂಕ, ಒಂದೊಂದು ಬೆರಕೆ. ಯಾವ ನಾಣ್ಯಕ್ಕೆ ಎಷ್ಟು ಬೆಲೆ ಎಂಬುದನ್ನು ಬಲ್ಲವನು ಸರಾಫನೊಬ್ಬನೇ. ಆ ಜ್ಞಾನಕ್ಕೆ ಅವನು ಪಡೆಯುತ್ತಿದ್ದ ಕೂಲಿಗೆ ನಮ್ಮ ಭಾಷೆಯಲ್ಲಿ ವಟ್ಟ ಎಂದು ಹೆಸರು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗೊಂದಲವು ಕಡಿಮೆಯಾಯಿತು. ಆದರೆ ಒಂದು ನಾಣ್ಯವಾಗಲಿಲ್ಲ, ಎರಡಾಗಿ ನಿಂತಿತು. ಈಸ್ಟ್ ಇಂಡಿಯಾ ಕಂಪೆನಿಯು 1835ರಲ್ಲಿ ತನ್ನ ಸೀಮೆಗೆಲ್ಲ ಒಂದೇ ತೂಕದ ರೂಪಾಯಿಯನ್ನು ಗೊತ್ತುಮಾಡಿತು. 1848ರಲ್ಲಿ ಸಾತಾರಾ ಸಂಸ್ಥಾನವು ಕಂಪೆನಿಯ ವಶವಾದಾಗ ಬಿಜಾಪುರದ ಸೀಮೆಯು ಈ ರೂಪಾಯಿಯ ವ್ಯಾಪ್ತಿಗೆ ಒಳಪಟ್ಟಿತು. ಅತ್ತ 1853ರಲ್ಲಿ ಹೈದರಾಬಾದಿನ ದಿವಾನರಾದ ಮೊದಲನೆಯ ಸಾಲಾರ್ ಜಂಗರು ಚೆದುರಿದ್ದ ಖಾಸಗಿ ಟಂಕಸಾಲೆಗಳನ್ನು ನಿಲ್ಲಿಸಿ ರಾಜಧಾನಿಯಲ್ಲಿ ಸರಕಾರದ ಟಂಕಸಾಲೆಯನ್ನು ಬಲಪಡಿಸಿದರು. ಅಲ್ಲಿಂದ ಬಂದ ನಾಣ್ಯವೇ ಹಾಲಿ ಸಿಕ್ಕಾ, ಎಂದರೆ ಚಲಾವಣೆಯಲ್ಲಿರುವ ನಾಣ್ಯ. 1858ರಲ್ಲಿ ಬ್ರಿಟಿಷರ ಕೈಸೇರಿದ ಸುರಪುರವು 1860ರ ಒಪ್ಪಂದದಿಂದ ನಿಜಾಮರಿಗೆ ಸೇರಿತು. ರಾಯಚೂರಿನ ದೋಆಬ್ ಸೀಮೆಯೂ ಅವರಿಗೆ ಮರಳಿತು. ಹೀಗೆ ನಮ್ಮ ತಾಲ್ಲೂಕುಗಳ ಪೂರ್ವದ ಗಡಿಯು ನಾಣ್ಯಗಳ ಗಡಿಯೂ ಆಗಿ ನೆಲೆನಿಂತಿತು. ಬ್ರಿಟಿಷ್ ರೂಪಾಯಿಯನ್ನು ಹೈದರಾಬಾದಿನವರು ಕಲದಾರ್, ಎಂದರೆ ಯಂತ್ರದಲ್ಲಿ ಒತ್ತಿದ್ದು, ಎಂದು ಕರೆದರು. ಮುಂದೆ ಹಾಲಿಯೂ ಯಂತ್ರದಿಂದಲೇ ಹೊರಟು ಚಾರ್ಮಿನಾರಿನ ಚಿತ್ರವನ್ನು ಧರಿಸಿತು; ಆದರೂ ಕಲದಾರ್ ಎಂಬ ಹೆಸರು ಇನ್ನೊಂದಕ್ಕೇ ಉಳಿಯಿತು.

ಎರಡು ರೂಪಾಯಿಗಳ ಬೆಲೆಯಲ್ಲಿ ವ್ಯತ್ಯಾಸವೇಕೆ? ಉತ್ತರವು ಬೆಳ್ಳಿಯಲ್ಲಿದೆ. ಕಲದಾರಿನ ತೂಕವು 11.66 ಗ್ರಾಂ, ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಚಾರ್ಮಿನಾರಿನ ಹಾಲಿಯ ತೂಕವು ಸುಮಾರು 11.18 ಗ್ರಾಂ, ಬೆಳ್ಳಿಯು ಸಾವಿರಕ್ಕೆ ಸುಮಾರು 818 ಪಾಲು. ಲೆಕ್ಕಹಾಕಿದರೆ ಒಂದರಲ್ಲಿ ಸುಮಾರು 10.7 ಗ್ರಾಂ, ಇನ್ನೊಂದರಲ್ಲಿ ಸುಮಾರು 9.1 ಗ್ರಾಂ ಬೆಳ್ಳಿಯಿರುತ್ತದೆ. ಸರಕಾರೀ ದರವು ಇದಕ್ಕೆ ಬಹಳ ಸಮೀಪದಲ್ಲಿದ್ದಿತು: 6 ಕಲದಾರಿಗೆ 7 ಹಾಲಿ, 100 ಕಲದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ.

ಈ ದರವನ್ನು ಕೇಳಿದವರಿಗೆ ಇದರಲ್ಲಿ ಅನ್ಯಾಯವೇನೂ ಕಾಣದು. ಸಾವಿರಾರು ರೂಪಾಯಿಯ ಹತ್ತಿಯನ್ನು ಕೊಳ್ಳುವ ಅಡತಿ ಅಂಗಡಿಯವನಿಗೆ ಅನ್ಯಾಯವಾಗುತ್ತಲೂ ಇರಲಿಲ್ಲ. ಅವನು 7,000 ಹಾಲಿಯನ್ನು ಎಣಿಸಿಕೊಟ್ಟರೆ 6,000 ಕಲದಾರ್ ಸರಿಯಾಗಿ ಬರುತ್ತಿದ್ದುವು. ಆದರೆ ಒಂದೇ ಹಾಲಿ ರೂಪಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನದಿಯನ್ನು ದಾಟಿ ಬರುವ ಹೆಂಗಸಿನ ಲೆಕ್ಕವನ್ನು ನೋಡಿರಿ. ಆಕೆಗೆ ಸಲ್ಲಬೇಕಾದುದು 13 ಆಣೆ 8 ಪೈ, ಅದರ ಮೇಲೆ ಅರ್ಧ ಪೈಗಿಂತ ತುಸು ಹೆಚ್ಚು. ಆ ತುಸು ಹೆಚ್ಚಿಗೆ ನಾಣ್ಯವಿಲ್ಲ. ಇತ್ತಕಡೆಯಿಂದ ಹೋಗುವವರಿಗೂ ಹೀಗೆಯೇ. ಒಂದು ಕಲದಾರ್ ಆಣೆಗೆ 14 ಹಾಲಿ ಪೈ ಎಂಬುದು ಸರಿಯಾದ ಲೆಕ್ಕ. ಆದರೆ ಕಾಲಾಣೆಗೆ ಮೂರೂವರೆ ಪೈ. ಅರ್ಧ ಪೈಯನ್ನು ಯಾರು ಕೊಡುವರು? ಕೊಳ್ಳುವವನು ಬಡವನಾದರೆ ಮೂರೇ ಪೈ ಸಿಕ್ಕುವುದು. ಸರಾಫನ ವಟ್ಟವು ಇದರ ಮೇಲಣ ಖರ್ಚು. ಎರಡು ನಾಣ್ಯಗಳ ವ್ಯವಸ್ಥೆಯಲ್ಲಿ ಭಿನ್ನರಾಶಿಯ ಉಳಿಕೆಯು ಯಾವಾಗಲೂ ಚಿಕ್ಕ ವ್ಯವಹಾರದವರ ಮೇಲೆ ಬೀಳುತ್ತದೆ. ಉಪ್ಪು, ಎಣ್ಣೆ, ಬಳೆಗಳಿಗಾಗಿ ವಾರವಾರವೂ ಸಂತೆಗೆ ಬರುವವರು ವಾರವಾರವೂ ಈ ಉಳಿಕೆಯನ್ನು ತೆರಬೇಕಾಗಿದ್ದಿತು.

ಇದಕ್ಕಿಂತಲೂ ದೊಡ್ಡದು ದರದ ಏರಿಳಿತದಿಂದಾಗುವ ನಷ್ಟ. ಭಾರತ ಸರಕಾರವು 1893ರಲ್ಲಿ ತನ್ನ ಟಂಕಸಾಲೆಗಳಲ್ಲಿ ಖಾಸಗಿಯವರ ಬೆಳ್ಳಿಯನ್ನು ನಾಣ್ಯವಾಗಿ ಒತ್ತಿಕೊಡುವುದನ್ನು ನಿಲ್ಲಿಸಿತು. ಅಂದಿನಿಂದ ಕಲದಾರಿನ ಬೆಲೆಯು ಅದರೊಳಗಣ ಬೆಳ್ಳಿಯ ಬೆಲೆಯಿಂದ ಬೇರೆಯಾಯಿತು. ಆ ನಿರ್ಧಾರವು ಲಂಡನ್ ಮತ್ತು ಕಲ್ಕತ್ತೆಗಳಲ್ಲಿ, ವಿದೇಶವ್ಯಾಪಾರದ ಮತ್ತು ಸರಕಾರವು ಇಂಗ್ಲೆಂಡಿಗೆ ಕಳುಹಿಸಬೇಕಾದ ಹಣದ ಅನುಕೂಲವನ್ನು ನೋಡಿ ಆದುದು. ಅದರ ಫಲವಾದರೋ ಭೀಮಾತೀರದ ಸಂತೆಯವರೆಗೂ ಬಂದಿತು. ಬೆಳ್ಳಿಯನ್ನೇ ನೆಚ್ಚಿದ್ದ ಹಾಲಿಯೂ ಬೆಳ್ಳಿಯನ್ನು ಬಿಟ್ಟ ಕಲದಾರೂ ಒಂದೇ ದರದಲ್ಲಿ ನಿಲ್ಲುವುದು ಕಷ್ಟವಾಯಿತು. ಹೈದರಾಬಾದಿನಲ್ಲಿ ಹೊಸ ನಾಣ್ಯವು ಬಂದು ದರವು ನೆಲೆಗೊಳ್ಳುವವರೆಗೆ ಹಲವು ವರ್ಷಗಳು ಹಿಡಿದುವು. ಗಡಿಯ ಒಕ್ಕಲಿಗನು ಬಿತ್ತುವ ಕಾಲದಲ್ಲಿ ಒಂದು ನಾಣ್ಯದಲ್ಲಿ ಸಾಲ ತಂದು ಸುಗ್ಗಿಯ ಕಾಲದಲ್ಲಿ ಇನ್ನೊಂದು ನಾಣ್ಯಕ್ಕೆ ಬೆಳೆಯನ್ನು ಮಾರಿದರೆ, ಮಳೆಯ ಭಯದೊಡನೆ ದರದ ಭಯವನ್ನೂ ಹೊರಬೇಕಾಗುತ್ತಿದ್ದಿತು.

ನಾಣ್ಯದ ಗಡಿಗೆ ಸುಂಕದ ಗಡಿಯು ಜೊತೆಯಾಗಿದ್ದಿತು. ನಿಜಾಮರಿಗೂ ಕಂಪೆನಿಗೂ 1802ರಲ್ಲಿ ಆದ ವಾಣಿಜ್ಯದ ಒಪ್ಪಂದವು ಸರಕುಗಳ ಮೇಲೆ ಶೇಕಡಾ 5ರ ಸುಂಕವನ್ನು ಒಪ್ಪಿದ್ದಿತು. ಹೈದರಾಬಾದಿನ ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು. ಅದರ ನಾಕೆಗಳು ಗಡಿಯ ದಾರಿಗಳನ್ನು ಕಾಯುತ್ತಿದ್ದುವು. 1884ರಲ್ಲಿ ಹೊಟಗಿಯಿಂದ ಬಿಜಾಪುರದ ಮೇಲೆ ಗದಗಿನವರೆಗೆ ರೈಲು ಬಂದಾಗ ಅದು ಇಂಡಿ ಮತ್ತು ಬಾಗೇವಾಡಿಯ ಸೀಮೆಗಳನ್ನು ಹಾದುಹೋಯಿತು. ಸಿಂದಗಿ, ಮುದ್ದೇಬಿಹಾಳಗಳನ್ನು ಮುಟ್ಟಲಿಲ್ಲ. ಹೀಗಾಗಿ ಗಡಿಗೆ ಒತ್ತಿಕೊಂಡಿದ್ದ ಇವೆರಡು ತಾಲ್ಲೂಕುಗಳಿಗೆ ಪಶ್ಚಿಮದಲ್ಲಿ ರೈಲು ದೂರ, ಪೂರ್ವದಲ್ಲಿ ಸುಂಕದ ಕಟ್ಟೆ ಹತ್ತಿರ.

ಹಾಗಾದರೆ ಹೈದರಾಬಾದಿಗೆ ಸ್ವಂತ ನಾಣ್ಯದಿಂದ ಲಾಭವೇ ಇರಲಿಲ್ಲವೇ? ಇದ್ದಿತು, ಅದನ್ನು ಮರೆಮಾಚುವುದು ನ್ಯಾಯವಲ್ಲ. ನಾಣ್ಯವನ್ನು ಒತ್ತುವವನಿಗೆ ಲೋಹದ ಬೆಲೆಗೂ ಮುಖಬೆಲೆಗೂ ಇರುವ ಅಂತರವು ಲಾಭವಾಗಿ ಉಳಿಯುತ್ತದೆ. ಕಾಗದದ ನೋಟಿನಲ್ಲಿ ಈ ಲಾಭವು ಇನ್ನೂ ಹೆಚ್ಚು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯು ದುರ್ಲಭವಾದಾಗ ಹೈದರಾಬಾದು 1918ರಲ್ಲಿ ನೋಟುಗಳ ಶಾಸನವನ್ನು ಮಾಡಿ ಉಸ್ಮಾನಿಯಾ ಸಿಕ್ಕಾದ ನೋಟುಗಳನ್ನು ಹೊರಡಿಸಿತು. 1942ರಲ್ಲಿ ಹೈದರಾಬಾದು ಸ್ಟೇಟ್ ಬ್ಯಾಂಕು ಕೆಲಸವನ್ನು ಆರಂಭಿಸಿ ನಾಣ್ಯದ ನಿರ್ವಹಣೆಯನ್ನು ವಹಿಸಿಕೊಂಡಿತು. ಬ್ರಿಟಿಷರ ಕೆಳಗಿದ್ದ ಸಂಸ್ಥಾನವೊಂದು ತನ್ನದೇ ಆದ ನೋಟನ್ನೂ ಬ್ಯಾಂಕನ್ನೂ ನಡೆಸಿದುದು ಸಾಮಾನ್ಯ ಸಂಗತಿಯಲ್ಲ.

ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಾಲಿಯ ದರವನ್ನು ಕಲದಾರಿಗೆ ಕಟ್ಟಿದ್ದರು. ನೋಟುಗಳಿಗೆ ಆಧಾರವಾಗಿ ಇಟ್ಟ ನಿಧಿಯಲ್ಲಿ ಭಾರತ ಸರಕಾರದ ಸಾಲಪತ್ರಗಳೂ ಸೇರಿದ್ದುವು. ಕಲದಾರಿನ ಬೆಲೆಯು ಇಳಿದರೆ ಹಾಲಿಯದೂ ಇಳಿಯಬೇಕು, ಅದು ಏರಿದರೆ ಇದೂ ಏರಬೇಕು. ಎರಡನೆಯ ಮಹಾಯುದ್ಧದ ಬೆಲೆಯೇರಿಕೆಯನ್ನು ಸ್ವಂತ ನಾಣ್ಯವು ತಡೆಯಲಾರದಾಯಿತು. ಸ್ವಂತ ನಾಣ್ಯದ ಲಾಭವು ರಾಜಧಾನಿಯ ಬೊಕ್ಕಸಕ್ಕೆ ಸೇರಿತು. ಎರಡು ನಾಣ್ಯಗಳ ತೊಂದರೆಯು ಗಡಿಯ ಜನರಿಗೆ ಉಳಿಯಿತು. ಸ್ವತಂತ್ರವಾದ ನಾಣ್ಯನೀತಿಯಾದರೋ ಯಾರಿಗೂ ದೊರೆಯಲಿಲ್ಲ.

1947ರಲ್ಲಿ ಈ ಗಡಿಯು ಒಮ್ಮೆಲೆ ಬಿಗಿಯಾಯಿತು. ಆ ವರ್ಷದ ನವೆಂಬರ್ 29ರಂದು ಭಾರತಕ್ಕೂ ಹೈದರಾಬಾದಿಗೂ ಯಥಾಸ್ಥಿತಿಯ ಒಪ್ಪಂದವಾಯಿತು. ಅದಾದ ಸ್ವಲ್ಪ ಕಾಲದಲ್ಲಿಯೇ ಹೈದರಾಬಾದು ಎರಡು ಆಜ್ಞೆಗಳನ್ನು ಹೊರಡಿಸಿತು: ಬೆಲೆಬಾಳುವ ಲೋಹಗಳನ್ನು ಭಾರತಕ್ಕೆ ಸಾಗಿಸುವುದಕ್ಕೆ ನಿರ್ಬಂಧ, ಭಾರತದ ನಾಣ್ಯವು ಸಂಸ್ಥಾನದಲ್ಲಿ ಕಾನೂನಿನ ಚಲಾವಣೆಯಲ್ಲ. ಇದರೊಡನೆ ಭಾರತ ಸರಕಾರದ ಸಾಲಪತ್ರಗಳ ರೂಪದಲ್ಲಿ 20 ಕೋಟಿ ರೂಪಾಯಿಗಳನ್ನು ಪಾಕಿಸ್ತಾನಕ್ಕೆ ಸಾಲವಾಗಿ ಕೊಟ್ಟಿತು. ನಾಣ್ಯವು ವ್ಯಾಪಾರದ ಸಾಧನವಾಗಿ ಉಳಿಯದೆ ರಾಜಕೀಯದ ಆಯುಧವಾಯಿತು. ರಜಾಕಾರರ ಹಾವಳಿಗೆ ಹೆದರಿ ಗಡಿಯನ್ನು ದಾಟಿ ಬಂದವರ ಕೈಯಲ್ಲಿದ್ದುದು ಹಾಲಿ ರೂಪಾಯಿ. ನಿಂತ ನೆಲದಲ್ಲಿ ನಡೆಯುತ್ತಿದ್ದುದು ಬೇರೆ ರೂಪಾಯಿ. ಹೈದರಾಬಾದಿನ ಜನರ ಹೋರಾಟದ ನಾಯಕರಾಗಿದ್ದ ಸ್ವಾಮಿ ರಾಮಾನಂದ ತೀರ್ಥರು ನಮ್ಮ ಸಿಂದಗಿಯಲ್ಲಿ ಜನಿಸಿದವರೆಂಬುದನ್ನು ನೆನೆದರೆ, ಈ ಗಡಿಯು ಜನಜೀವನದ ನಡುವೆ ಎಷ್ಟು ಕೃತಕವಾಗಿ ಎಳೆದ ಗೆರೆಯೆಂಬುದು ಸ್ಪಷ್ಟವಾಗುತ್ತದೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ಆದರೆ ಎರಡು ನಾಣ್ಯಗಳು ಮರುದಿನವೇ ಒಂದಾಗಲಿಲ್ಲ, ಆಗಕೂಡದಾಗಿಯೂ ಇದ್ದಿತು. ಕೂಲಿ, ಸಂಬಳ, ಸಾಲ, ಕಂದಾಯ ಎಲ್ಲವೂ ಹಾಲಿಯಲ್ಲಿ ಬರೆದಿರುವಾಗ ಅದನ್ನು ಒಂದೇ ದಿನ ರದ್ದುಮಾಡಿದರೆ ಮೊದಲು ಹಾಳಾಗುವವನು ಬಡವನು. ಆದುದರಿಂದ ಕೆಲವು ಕಾಲ ಎರಡೂ ಜೊತೆಯಾಗಿ ನಡೆದುವು. 7ಕ್ಕೆ 6ರ ಹಳೆಯ ದರವೇ ಸೇತುವೆಯಾಯಿತು. 1950ನೆಯ ಏಪ್ರಿಲ್ 1ರಂದು ಸಂಸ್ಥಾನಗಳ ಹಣಕಾಸು ಕೇಂದ್ರದ ಹಣಕಾಸಿನೊಡನೆ ಕೂಡಿತು. ಒಳನಾಡಿನ ಸುಂಕವನ್ನು ಕ್ರಮೇಣವಾಗಿ ಎತ್ತಿಹಾಕಿದರು. ಆದಾಯವನ್ನು ಕಳೆದುಕೊಂಡ ಸಂಸ್ಥಾನಗಳಿಗೆ ಕೆಲವು ವರ್ಷಗಳವರೆಗೆ ಕೇಂದ್ರವು ಅದನ್ನು ತುಂಬಿಕೊಡುವಂತೆ ವಿ. ಟಿ. ಕೃಷ್ಣಮಾಚಾರಿಯವರ ಸಮಿತಿಯು ಏರ್ಪಡಿಸಿದ್ದಿತು. 1956ರಲ್ಲಿ ಹೈದರಾಬಾದಿನ ಬ್ಯಾಂಕು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾಯಿತು. ಅದೇ ವರ್ಷ ನವೆಂಬರ್ 1ರಂದು ಭೀಮೆಯ ಎರಡು ದಡಗಳೂ ಒಂದೇ ಕನ್ನಡ ರಾಜ್ಯಕ್ಕೆ ಸೇರಿದುವು. ಆ ದಶಕವು ಮುಗಿಯುವುದರೊಳಗೆ ಹಾಲಿ ಸಿಕ್ಕಾ ಚಲಾವಣೆಯಿಂದ ಅಳಿಯಿತು.

ಈ ಕ್ರಮವನ್ನು ಇತರ ದೇಶಗಳ ಅನುಭವದೊಡನೆ ಹೋಲಿಸಿದರೆ ಅದರ ಬೆಲೆ ತಿಳಿಯುತ್ತದೆ. ಪೂರ್ವ ಆಫ್ರಿಕಾದ ಕೀನ್ಯಾ, ಉಗಾಂಡಾ, ಟಾಂಗನ್ಯೀಕಗಳಿಗೆ 1919ರಲ್ಲಿ ಸ್ಥಾಪಿತವಾದ ನಾಣ್ಯಮಂಡಲಿಯು ಒಂದೇ ಷಿಲಿಂಗನ್ನು ನಡೆಸುತ್ತಿದ್ದಿತು. ಅಲ್ಲಿ ನಾಣ್ಯವು ಒಂದಾಗಿದ್ದಿತು, ಬೊಕ್ಕಸಗಳು ಬೇರೆಯಾಗಿದ್ದುವು. ಕೈಗಾರಿಕೆಯೂ ವ್ಯಾಪಾರವೂ ಕೀನ್ಯಾದಲ್ಲಿ ಹೆಚ್ಚಾಗಿ ನೆಲಸಿದುದರಿಂದ ಉಳಿದ ಎರಡಕ್ಕೆ ಅಸಮಾಧಾನವುಂಟಾಯಿತು; ಸ್ವಾತಂತ್ರ್ಯದ ಬಳಿಕ 1966ರಲ್ಲಿ ಮೂರು ದೇಶಗಳೂ ತಮ್ಮ ತಮ್ಮ ನಾಣ್ಯವನ್ನು ಹೊರಡಿಸಿದುವು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ 1945ರಲ್ಲಿ ಹುಟ್ಟಿದ ಸಿ. ಎಫ್. ಎ. ಫ್ರಾಂಕು ಇಂದಿಗೂ ನಡೆಯುತ್ತಿದೆ. ಆದರೆ ಅದರ ಬೆಲೆಯನ್ನು ಮೊದಲು ಫ್ರಾನ್ಸಿನ ಫ್ರಾಂಕಿಗೆ, ಆಮೇಲೆ ಯೂರೋಗೆ ಕಟ್ಟಿದ್ದಾರೆ. 1994ರ ಜನವರಿಯಲ್ಲಿ ಆ ಬೆಲೆಯನ್ನು ಒಮ್ಮೆಲೆ ಅರ್ಧಕ್ಕೆ ಇಳಿಸಿದಾಗ ಹೊರಗಿನಿಂದ ಬರುವ ಅಕ್ಕಿ, ಔಷಧಿಗಳನ್ನು ಕೊಳ್ಳುವ ಪಟ್ಟಣದ ಬಡವರು ತತ್ತರಿಸಿದರು. ಪೂರ್ವ ಕೆರಿಬಿಯನ್ನಿನ ಸಣ್ಣ ದ್ವೀಪಗಳಾದರೋ ಒಂದೇ ಡಾಲರನ್ನು 1976ರಿಂದ ಅಮೆರಿಕದ ಡಾಲರಿಗೆ 2.70ರಂತೆ ಸ್ಥಿರವಾಗಿ ನಡೆಸಿಕೊಂಡು ಬಂದಿವೆ. ನಮ್ಮ ನೆರೆಯ ನೇಪಾಳವು 1993ರಿಂದ ಭಾರತದ 1 ರೂಪಾಯಿಗೆ ತನ್ನ 1.60 ರೂಪಾಯಿಯೆಂಬ ದರವನ್ನು ಕಾಪಾಡಿಕೊಂಡಿದೆ. ಆ ಗಡಿಯ ಸಂತೆಗಳಲ್ಲಿ ನಮ್ಮ ಹಳೆಯ ಹಾಲಿ–ಕಲದಾರ್ ಲೆಕ್ಕದ ಹೋಲಿಕೆಯನ್ನು ಇಂದಿಗೂ ಕಾಣಬಹುದು.

ಈ ದೃಷ್ಟಾಂತಗಳಿಂದ ಒಂದು ಮಾತು ಸಿದ್ಧವಾಗುತ್ತದೆ. ಒಂದೇ ನಾಣ್ಯವು ವಟ್ಟವನ್ನು ತೆಗೆಯುತ್ತದೆ, ದರದ ಭಯವನ್ನು ತೆಗೆಯುತ್ತದೆ. ಆದರೆ ಒಂದು ಸೀಮೆಗೆ ಬರ ಬಂದಾಗ, ಇನ್ನೊಂದು ಸೀಮೆಗೆ ಲಾಭವೆಲ್ಲ ಹರಿದಾಗ, ಅದನ್ನು ಸರಿದೂಗಿಸುವ ಶಕ್ತಿಯು ನಾಣ್ಯಕ್ಕಿಲ್ಲ. ಅದು ಒಂದೇ ಬೊಕ್ಕಸಕ್ಕೆ ಇರುವುದು. ನಮ್ಮಲ್ಲಿ ನಾಣ್ಯದೊಡನೆ ಬೊಕ್ಕಸವೂ ಕೂಡಿತು, ಆಫ್ರಿಕಾದಲ್ಲಿ ಕೂಡಲಿಲ್ಲ.

ಬೊಕ್ಕಸವು ಕೂಡಿದುದರ ಫಲವು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ನೀರಿನ ರೂಪದಲ್ಲಿ ಕಾಣುತ್ತದೆ. 1964ನೆಯ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಗಳು ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಆಲಮಟ್ಟಿಯು ಆಗ ಬಾಗೇವಾಡಿ ತಾಲ್ಲೂಕಿನ ಊರು. ಅದರ ಕೆಳಗಣ ನಾರಾಯಣಪುರದ ಅಣೆಕಟ್ಟಿನಿಂದ ಹೊರಟ ಎಡದಂಡೆ ಕಾಲುವೆಯು ಹಿಂದೆ ಹಾಲಿ ನಡೆಯುತ್ತಿದ್ದ ಸುರಪುರ, ಜೇವರ್ಗಿಗಳಿಗೂ ಕಲದಾರ್ ನಡೆಯುತ್ತಿದ್ದ ಸಿಂದಗಿ, ಇಂಡಿಗಳಿಗೂ ನೀರನ್ನು ಕೊಂಡೊಯ್ಯುತ್ತದೆ. ಎರಡು ಬೊಕ್ಕಸಗಳಿದ್ದ ಕಾಲದಲ್ಲಿ ಒಂದೇ ಕಾಲುವೆಯನ್ನು ಹೀಗೆ ತೋಡುವುದು ಸುಲಭವಾಗಿರಲಿಲ್ಲ. ಆದರೆ ಈ ಐಕ್ಯಕ್ಕಾಗಿ ಮನೆಮಠಗಳನ್ನು ನೀರಿಗೆ ಒಪ್ಪಿಸಿದವರು ಕೃಷ್ಣೆಯ ದಡದ ಹಳ್ಳಿಗಳವರು. ಕೂಡುವಿಕೆಯ ಲಾಭವನ್ನು ಎಣಿಸುವಾಗ ಅವರ ಪಾಲನ್ನು ಮರೆಯಬಾರದು.

ಇಷ್ಟಾದರೂ ಹಳೆಯ ಗೆರೆಯು ಪೂರ್ತಿಯಾಗಿ ಅಳಿಸಿಹೋಗಿಲ್ಲ. 2002ರಲ್ಲಿ ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು ಕರ್ನಾಟಕದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಅದರಲ್ಲಿದ್ದುವು. ಆಚೆಯ ದಡದ ತಾಲ್ಲೂಕುಗಳೂ ಇದ್ದುವು. 2012ರ ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371 ಜೆ ವಿಧಿಯು ಕಲಬುರಗಿ, ಯಾದಗಿರಿ, ರಾಯಚೂರು ಮೊದಲಾದ ಆಗಿನ 6 ಜಿಲ್ಲೆಗಳಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ವಿಶೇಷ ಅವಕಾಶವನ್ನು ಕೊಟ್ಟಿದೆ. ಆ ಸೀಮೆಯು ಅನುಭವಿಸಿದ ಹಿಂದುಳಿಕೆಗೆ ಅದು ನ್ಯಾಯವಾದ ಪರಿಹಾರವೇ ಸರಿ. ಆದರೆ ಅದರ ಎಲ್ಲೆಯು ನಮ್ಮ ತಾಲ್ಲೂಕುಗಳ ಪೂರ್ವದ ಅಂಚಿನಲ್ಲಿ, ಹಾಲಿಗೂ ಕಲದಾರಿಗೂ ನಡುವೆ ಇದ್ದ ಹಳೆಯ ಗಡಿಯಲ್ಲಿಯೇ ನಿಲ್ಲುತ್ತದೆ. ಅಫಜಲಪುರದ ವಿದ್ಯಾರ್ಥಿಗೆ ದೊರೆಯುವ ಅವಕಾಶವು ಅದೇ ಭೀಮೆಯ ನೀರನ್ನು ಕುಡಿಯುವ ಸಿಂದಗಿಯ ವಿದ್ಯಾರ್ಥಿಗೆ ದೊರೆಯದು.

ಆದುದರಿಂದ ಹೊಸದಾಗಿ ನಾಣ್ಯವನ್ನು ಒಂದುಗೂಡಿಸಹೊರಟಿರುವ ದೇಶಗಳು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯು ದರ ಎಷ್ಟೆಂಬುದಲ್ಲ. ಅರ್ಧ ಪೈಯ ಉಳಿಕೆಯು ಯಾರ ಮೇಲೆ ಬೀಳುವುದು, ಸುಂಕವು ಹೋದ ಮೇಲೆ ಆದಾಯವನ್ನು ತುಂಬಿಕೊಡುವವರು ಯಾರು, ರೈಲು ಮುಟ್ಟದ ಊರಿಗೆ ದಾರಿಯನ್ನು ಹಾಕುವವರು ಯಾರು ಎಂಬುದು. ಹಾಲಿಯನ್ನು ಕಲದಾರಿಗೆ ಬದಲಿಸಿ ಲೆಕ್ಕವನ್ನು ತೀರಿಸುವುದಕ್ಕೆ ನಮಗೆ ಹತ್ತು ವರ್ಷಗಳು ಸಾಕಾದುವು. ಎರಡು ದಡಗಳ ಬಾಳನ್ನು ಸರಿದೂಗಿಸುವ ಲೆಕ್ಕವು ಎಪ್ಪತ್ತು ವರ್ಷಗಳು ಕಳೆದರೂ ಬಾಕಿಯಾಗಿಯೇ ಇದೆ.